ಒರೆಯಮ್ಮನ ಕಲ್ಲು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಅಂಚಿನಲ್ಲಿ ಒರೆಯಮ್ಮನ ಗುಡಿ ಇತ್ತು. ಗುಡಿ ಎಂದರೆ ಎದೆಮಟ್ಟದ ಎರಡು ಕಲ್ಲುಕಂಬ, ಮೇಲೊಂದು ಅಡ್ಡಚಪ್ಪಡಿ, ಹಿಂದೆ ಯಾರೋ ಕಟ್ಟಿಸಿದ ಗಾರೆಗೋಡೆ, ಒಳಗೆ ಅರಿಶಿನ ಮೆತ್ತಿದ ಮೊಳದುದ್ದದ ದೇವಿ. ಇಷ್ಟು ಪುಟ್ಟ ಗುಡಿಗೆ ಕತೆ ಮಾತ್ರ ಬೆಟ್ಟದಷ್ಟು. ಊರು ಸುಡಲು ಬಂದ ಪಾಳೇಗಾರನ ಕೈ ಹಿಡಿದು ಈ ತಾಯಿ ಕತ್ತಿಯನ್ನು ಒರೆಗೆ ಹಾಕಿಸಿದಳಂತೆ, ಅದಕ್ಕೇ ಒರೆಯಮ್ಮ. ಪೂಜೆಯ ಚನ್ನಾಜಮ್ಮ ಇದನ್ನು ಮೂವತ್ತು ವರ್ಷ ಹೇಳಿದ್ದಳು, ವರ್ಷಕ್ಕೊಂದು ಕುದುರೆ ಸೇರಿಸಿಕೊಂಡು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಸಂತಾನ ಬೇಡಿ ಮಡಿಲಕ್ಕಿ ತರುತ್ತಿದ್ದರು.

ಕತೆ ಸುಳ್ಳೆಂದು ಗೊತ್ತಿದ್ದವಳು ಚನ್ನಾಜಮ್ಮನೊಬ್ಬಳೇ. ಅತ್ತೆ ಸಾಯುವ ಮುಂಚೆ ಹೇಳಿದ್ದಳು: ಅದು ಕತ್ತಿಯ ಒರೆಯಲ್ಲ, ತಲೆಯ ಹೊರೆ. ಎಷ್ಟೋ ತಲೆಮಾರಿನ ಹಿಂದೆ ಅವರ ಮನೆಯ ತುಂಬು ಬಸುರಿಯೊಬ್ಬಳು ಹೆರದೆ ಈ ದಾರಿಯಲ್ಲೇ ಸತ್ತಳು. ಗುಡಿಯ ಈ ಎರಡು ಕಂಬ, ಮೇಲಿನ ಚಪ್ಪಡಿ ಅವಳ ಹೆಸರಿನಲ್ಲಿ ನಿಲ್ಲಿಸಿದ ಹೊರೆಗಲ್ಲು. ದಾರಿಹೋಕರು ತಲೆಹೊರೆಯನ್ನು ಅದರ ಮೇಲೆ ಇಳಿಸಿ ಉಸ್ಸೆಂದಷ್ಟೂ ಸಲ ಸತ್ತವಳ ಒಡಲಿನ ಭಾರ ಇಳಿಯುತ್ತದೆಂಬ ನಂಬಿಕೆ. ಬಸ್ಸು ಬಂತು, ತಲೆಹೊರೆ ಹೋಯಿತು. ಹಕಾರ ನುಂಗುವ ನಮ್ಮ ಸೀಮೆಯ ನಾಲಿಗೆಯಲ್ಲಿ ಹೊರೆ ಒರೆಯಾಯಿತು, ಒರೆಗೊಂದು ಕತ್ತಿ ಹುಟ್ಟಿತು, ಕತ್ತಿಗೊಬ್ಬ ಪಾಳೇಗಾರ. ಬಸುರಿ ಸತ್ತ ಕಲ್ಲೆಂದರೆ ಮಡಿಲಕ್ಕಿ ಯಾರು ತರುತ್ತಾರೆ? ಚನ್ನಾಜಮ್ಮ ಬಾಯಿ ಬಿಡಲಿಲ್ಲ.

ತೊಂಬತ್ತೆಂಟರಲ್ಲಿ ಅವಳ ಮಗಳು ಮಧುಶ್ರೀ ಒಂಬತ್ತು ತಿಂಗಳು ತುಂಬಿ, ಆಸ್ಪತ್ರೆಗೆ ಹೋಗುವ ಜೀಪಿನಲ್ಲೇ ತೀರಿಕೊಂಡಳು. ಅಂದಿನಿಂದ ಚನ್ನಾಜಮ್ಮನಿಗೆ ದೇವಿ ಬೇಡವಾದಳು, ಕಲ್ಲು ಬೇಕಾಯಿತು. ಹುಲ್ಲು ಹೊತ್ತು ಬರುವ ಹೆಂಗಸರನ್ನು ನೀರು ಕೊಡುವ ನೆಪದಲ್ಲಿ ತಡೆದು, ಹೊರೆಯನ್ನು ಚಪ್ಪಡಿಯ ಮೇಲೆ ತಾನೇ ಇಳಿಸಿಕೊಡುತ್ತಿದ್ದಳು. ಒಂದೊಂದು ಹೊರೆಗೂ ಮಗಳು ಒಂದಿಷ್ಟು ಹಗುರಾದಳೆಂದು ನಂಬಿ ಬದುಕಿದ್ದಳು.

ಎರಡು ಸಾವಿರದ ಆರರಲ್ಲಿ ರಸ್ತೆ ಅಗಲ ಮಾಡಲು ಬಂದರು. ಊರ ಯಜಮಾನ ಚಿಕ್ಕಸ್ವಾಮಿಯೂ ಇಂಜಿನಿಯರೂ ಮಾತಾಡಿಕೊಂಡು ಆಗಿತ್ತು: ದೇವಿಯನ್ನು ಆಚೆ ಬದಿಯ ಹೊಸ ಗುಡಿಗೆ ಸಾಗಿಸುವುದು, ಹಳೆಯದನ್ನು ಕೆಡವುವುದು. ಕಲ್ಲನ್ನೂ ಸಾಗಿಸಿ ಎಂದು ಚನ್ನಾಜಮ್ಮ ಮೂರು ದಿನ ಇಬ್ಬರ ಹಿಂದೆಯೂ ಅಲೆದಳು. ತೇಗದ ಬಾಗಿಲೇ ಬರುತ್ತಿರುವಾಗ ಈ ಮೋಟು ಕಂಬ ಯಾಕೆ ಎಂದು ಚಿಕ್ಕಸ್ವಾಮಿ ನಕ್ಕ. ನಾಲ್ಕನೆಯ ದಿನ ಜೆಸಿಬಿ ಬಂದು ನಿಂತಿತು. ದೇವಿಯನ್ನು ಕರೆದೊಯ್ಯಲು ಕಳಸ ಹಿಡಿದು ಬಂದ ಹೆಂಗಸರಲ್ಲಿ ಚಿಕ್ಕಸ್ವಾಮಿಯ ಸೊಸೆ, ಏಳು ತಿಂಗಳ ಬಸುರಿ ಶಿವರಂಜನಿಯೂ ಇದ್ದಳು. ಚನ್ನಾಜಮ್ಮ ಹೋಗಿ ಇಂಜಿನಿಯರನ ಕಾಲು ಹಿಡಿದಳು.

"ಕತ್ತಿ ಒರೆ ಅಲ್ಲ ಸಾ, ಇದು ಒರೆ," ಎಂದಳು.

ಆತನಿಗೆ ಎರಡೂ ಒಂದೇ ಕೇಳಿಸಿತು. ಅವಳು ಮತ್ತೆ ಅದನ್ನೇ ಹೇಳಿದಳು, ಇನ್ನೂ ಜೋರಾಗಿ. ಆ ಒಂದು ಅಕ್ಷರ ಈ ಜನ್ಮದಲ್ಲಿ ಅವಳ ಬಾಯಿಗೆ ಬರುವಂತಿರಲಿಲ್ಲ. ತಲೆ ಕೆಟ್ಟ ಮುದುಕಿಯೆಂದು ಆತ ಕಾಲು ಬಿಡಿಸಿಕೊಂಡ. ಬೇರೆ ದಾರಿ ಕಾಣದೆ ಅವಳು ಎಲ್ಲರೆದುರು ಬಿಡಿಸಿ ಹೇಳಿಬಿಟ್ಟಳು.

"ಬಸುರೀಲಿ ಸತ್ತೋಳ ಕಲ್ಲು ಸಾ ಇದು. ನನ್ ಮಗ್ಳೂ ಅಂಗೇ ಓದ್ಲು. ಜನ ಇದ್ರ ಮ್ಯಾಲೆ ಒರೆ ಇಳುಸುದ್ರೇನೆ ಅವ್ಳ ಒಟ್ಟೆ ಬಾರ ಇಳಿಯೋದು."

ಈಗಲಾದರೂ ಅರ್ಥವಾಯಿತೆಂದುಕೊಂಡು ತಲೆಯೆತ್ತಿದಳು. ಹೆಂಗಸರು ಹಿಂದೆ ಸರಿದಿದ್ದರು. ಶಿವರಂಜನಿ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಿದ್ದಳು. ಇಷ್ಟು ವರ್ಷ ಮನೆಯ ಹೆಣ್ಣುಮಕ್ಕಳನ್ನು ಇಂಥಾ ಕಲ್ಲಿನ ಮುಂದೆ ನಿಲ್ಲಿಸಿದೆವಲ್ಲ ಎಂದು ಚಿಕ್ಕಸ್ವಾಮಿ ನಡುಗಿಹೋದ. ಒಂದು ಚೂರೂ ಉಳಿಯಬಾರದು, ಪುಡಿ ಮಾಡಿ ರಸ್ತೆಗೇ ಹಾಕಿ ಎಂದ. ತನ್ನ ಬಾಯಿಂದಲೇ ಮಗಳನ್ನು ಇನ್ನೊಂದು ಸಲ ಸಾಯಿಸಿದೆನೆಂದು ಚನ್ನಾಜಮ್ಮನಿಗೆ ತಿಳಿಯಿತು.

ದೇವಿಯನ್ನು ಎತ್ತಿ ಆಚೆಗೆ ಒಯ್ದ ಮೇಲೆ ಜೆಸಿಬಿಯ ಕೈ ಚಪ್ಪಡಿಗೆ ತಾಗಿತು. ರಸ್ತೆ ಕೆಲಸದ ಇಬ್ಬರು ಆಳುಗಳು ಅವಳ ರಟ್ಟೆ ಹಿಡಿದಿದ್ದರು. ನಿಲ್ಲಿಸಿ ಎನ್ನುವುದನ್ನು ಅವಳು ಬಿಟ್ಟಳು. ಡ್ರೈವರನ ಕಡೆ ತಿರುಗಿ, ಹೆರಿಗೆಮನೆಯ ಹೊಸಿಲಲ್ಲಿ ನಿಂತ ತಾಯಿಯ ದನಿಯಲ್ಲಿ ಬೇಡಿಕೊಂಡಳು.

"ಮೆಲ್ಗೆ ಇಳ್ಸಪ್ಪ. ತುಂಬ್ದ ಬಸುರಿ ಕಣಪ್ಪ."