ಊಟಕ್ಕೆ ಬಾರದ ಪಂಚಮ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ‘ಸ್ವರದ ಒಗಟು’ ಎಂಬ ವಾಟ್ಸಾಪ್ ಗುಂಪಿಗೆ ಜೀವ ಬರುತ್ತಿತ್ತು. ಮುಂಡರಗಿಯ ನಿವೃತ್ತ ಮಾಸ್ತರ ಶಿವಯೋಗಿ ಸಂಗೀತದ ಒಂದು ತುಣುಕು ಹಾಕಿ, ಜೊತೆಗೊಂದು ಒಗಟು ಬರೆಯುತ್ತಿದ್ದರು. ಎಪ್ಪತ್ತು ಮಂದಿ ಅದರ ಮೇಲೆ ಮುಗಿಬೀಳುತ್ತಿದ್ದರು. ಬೆಟಗೇರಿಯ ಸುಶ್ಮಿತಾ ಮಾತ್ರ ಎರಡು ವರ್ಷದಲ್ಲಿ ಒಂದಕ್ಷರವನ್ನೂ ಕಳಿಸಿದವಳಲ್ಲ. ಎಷ್ಟೋ ಸಲ ಉತ್ತರ ಗೊತ್ತಿರುತ್ತಿತ್ತು. ಟೈಪ್ ಮಾಡಿ, ಓದಿ, ಅಳಿಸುತ್ತಿದ್ದಳು.

ಈ ಸಲ ಬಂದದ್ದು ಲಕ್ಷ್ಮೇಶ್ವರದ ಭಜನಾ ಮಂಡಳಿಯೊಂದರ ಹಳೆಯ ಕ್ಯಾಸೆಟ್ಟಿನ ಇಪ್ಪತ್ತು ಸೆಕೆಂಡು. ಬರೀ ಹಾರ್ಮೋನಿಯಂ.

‘ಏಳು ಮಂದ್ಯಾಗ ಒಬ್ಬ ಊಟಕ್ಕ ಬಂದಿಲ್ಲ. ಯಾಂವ? ರಾಗ ಯಾವುದು? ಬಾರಿಸಿದವರು ಯಾರಂತ ನನಗೂ ಗೊತ್ತಿಲ್ಲ. ಕ್ಯಾಸೆಟ್ ಮ್ಯಾಲೆ ಮಂಡಳಿ ಮುಖ್ಯಸ್ಥ ದೇವೇಂದ್ರಪ್ಪನ ಹೆಸರೈತಿ. ಹನ್ನೆರಡರೊಳಗ ಯಾರೂ ಹೇಳದಿದ್ರ ನಮ್ಮ ಸಂಗ್ರಹದಾಗ ಅದನ್ನಽ ಬರದಿಡತೀನಿ.’

ಶಿರಹಟ್ಟಿಯ ವೀರು ಮೊದಲು ಹಾರಿದ: ‘ಪಂಚಮ ಇಲ್ಲರಿ. ಮಾರವಾ!’

‘ಪೂರಿಯಾ ಅನ್ನಲೇ. ಕಿವ್ಯಾಗ ಹತ್ತಿ ಇಟ್ಕೊಂಡೀಯೇನು?’ ಎಂದು ತನ್ವೀರ ಬರೆದ.

ಸುಶ್ಮಿತಾ ನಾಲ್ಕು ಸಲ ಕೇಳಿದಳು. ರಾಗದಲ್ಲಿ ಇಲ್ಲದ ಸ್ವರವನ್ನು ಬೆರಳು ದಾಟಿ ಹೋಗುತ್ತದೆ. ಇಲ್ಲಿ ದಾಟಿರಲಿಲ್ಲ. ಪಂಚಮದ ಜಾಗದಲ್ಲಿ ಬೆರಳು ಕೂತಿತ್ತು, ಎಷ್ಟು ಹೊತ್ತು ಕೂರಬೇಕೋ ಅಷ್ಟೂ ಹೊತ್ತು. ದನಿಯಿಲ್ಲ, ಗಾಳಿ ಮಾತ್ರ. ಆ ಗಾಳಿಯ ಗುರುತು ಅವಳಿಗಿತ್ತು. ಸಣ್ಣವಳಿದ್ದಾಗ ದೊಡ್ಡವ್ವನ ಮಂಚದ ಕೆಳಗಿನ ಹಾರ್ಮೋನಿಯಂ ಪೇಟಿ ಎಳೆದು ಆಡುತ್ತಿದ್ದಳು. ಅದರ ಒಂದು ಬಿಳಿ ಮನೆ ಒತ್ತಿದರೆ ಹೀಗೆಯೇ ಉಸ್ಸೆನ್ನುತ್ತಿತ್ತು.

ಫೋನು ಹಿಡಿದು ಒಳಗೆ ಹೋಗಿ ತುಣುಕು ಹಚ್ಚಿದಳು. ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಕಳಕವ್ವನ ಕೈ ಎರಡನೆಯ ಸಾಲಿಗೇ ನಿಂತಿತು.

‘ಇದನ್ನ ಬಾರಸಿದಾಕಿ ನೀನೇನ ದೊಡ್ಡವ್ವಾ?’

‘ಯಾಕ, ತಪ್ಪ ಬಾರಸ್ಯಾಳ ಅಂತಾರೇನು?’

‘ಇಲ್ಲ. ಪಂಚಮ ಇಲ್ಲದ ರಾಗ ಯಾವುದಂತ ಬಡದಾಡಾಕ ಹತ್ಯಾರ.’

ಕಳಕವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ‘ಪೂರಿಯಾ ಕಲ್ಯಾಣ ಅದು, ಪಂಚಮ ಇರೂ ರಾಗ. ಪೇಟ್ಯಾಗ ದನಿ ಕೊಡೂ ಪಟ್ಟಿ, ಆ ಮನಿ ಸೂರು, ಕೆಟ್ಟಿತ್ತು. ಮಿರಜಿಗೆ ಒಯ್ದು ರಿಪೇರಿ ಮಾಡಿಸಬೇಕು ಅನ್ನೂದ್ರೊಳಗ ರಿಕಾರ್ಡಿಂಗ್ ಬಂತು. ಬಿಟ್ಟು ದಾಟಾಕ ಮನಸಾಗಲಿಲ್ಲ, ಒತ್ತಿದ್ನಿ.’

‘ಮತ್ತ ನಿನ್ನ ಹೆಸರು?’

‘ಯಾರೂ ಕೇಳಲಿಲ್ಲವಾ. ನಾನೂ ಹೇಳಲಿಲ್ಲ.’

ಆ ಕೊನೆಯ ಮಾತನ್ನು ಸುಶ್ಮಿತಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಟೈಪ್ ಮಾಡಿದಳು: ‘ಅಂವ ಊಟಕ್ಕ ಬಂದಾನರಿ, ತಾಟಿಗೆ ಏನೂ ಬಿದ್ದಿಲ್ಲ. ಪೂರಿಯಾ ಕಲ್ಯಾಣ. ಪೇಟಿ ಸೂರು ಕೆಟ್ಟಿತ್ತು. ಬಾರಿಸಿದಾಕಿ ಕಳಕವ್ವ, ಬೆಟಗೇರಿ.’ ಓದಿದಳು. ಹೆಬ್ಬೆರಳು ರೂಢಿಯಂತೆ ಅಳಿಸಲು ಹೋಗಿ, ತಡೆದು, ಕಳಿಸಿತು.

ಆಮೇಲೆ ಶಿವಯೋಗಿ ಕೇಳಿದರು: ‘ಖರೆ ಅನ್ನಾಕ ಏನೈತಿ ತಂಗಿ?’

ಅದನ್ನು ಓದಿ ಹೇಳಿದ್ದೇ ತಡ, ಕಳಕವ್ವ ಕೈ ತೊಳೆದು ಮಂಚದ ಕೆಳಗಿನಿಂದ ಪೇಟಿ ಎಳೆದಳು. ಅದೇ ಸಾಲು ಬಾರಿಸಿದಳು. ಬೆರಳು ಒಂದೆರಡು ಕಡೆ ತಡವರಿಸಿತು. ಪಂಚಮದಲ್ಲಿ ತಡವರಿಸಲಿಲ್ಲ; ಗಾಳಿ ಬಂತು. ಸುಶ್ಮಿತಾ ಅದನ್ನು ರೆಕಾರ್ಡ್ ಮಾಡಿ ಕಳಿಸಿದಳು.

‘ದೇವೇಂದ್ರಪ್ಪನ ಹೆಸರು ಹೊಡದು ಹಾಕೀನಿ. ಅಕ್ಕಾರ ಹೆಸರು ಹೆಂಗ ಬರೀಲಿ ಕೇಳ್ರಿ,’ ಎಂದು ಶಿವಯೋಗಿಯವರ ಉತ್ತರ ಬಂತು.

ಕಳಕವ್ವ ಪೇಟಿಯ ಮುಂದಿನಿಂದ ಇನ್ನೂ ಎದ್ದಿರಲಿಲ್ಲ. ಬೆರಳು ಆ ಬಿಳಿ ಮನೆಯ ಮೇಲೆಯೇ ಇತ್ತು.

‘ಬರೀ ಕಳಕವ್ವ ಅಂತ ಬರಿ ಅನ್ನು,’ ಎಂದಳು. ‘ಮತ್ತ ಪಂಚಮಾನೂ ಬರಿ ಅನ್ನು. ಅದನ್ನೂ ಬಾರಸೀನಿ ನಾ.’