ಡಾಟಿಯ ಹನ್ನೆರಡು ದಿನ

ಟಿಂಬಾರಾ ಪಟ್ಟಣದ ಪ್ರಾಣಿಧಾಮದಲ್ಲಿ ಗೂಡುಗಳು ಹದಿನಾಲ್ಕೇ, ಬರುವ ನಾಯಿಗಳಿಗೆ ಲೆಕ್ಕವಿಲ್ಲ. ಅದಕ್ಕೇ ಪುರಸಭೆಯವರು ಒಂದು ನಿಯಮ ಮಾಡಿಟ್ಟಿದ್ದರು. ದಾರಿ ತಪ್ಪಿ ಬಂದ ನಾಯಿಯನ್ನು ಎಂಟು ದಿನ ಇಟ್ಟುಕೊಳ್ಳುವುದು. ಅಷ್ಟರೊಳಗೆ ಯಜಮಾನ ಬಂದರೆ ಅವನದು, ಇಲ್ಲದಿದ್ದರೆ ಸಾಕುತ್ತೇವೆಂದು ಬಂದವರದು. ಯಾರೂ ಬಾರದಿದ್ದರೆ ಸೂಜಿ ಚುಚ್ಚಿ ಮುಗಿಸಿಬಿಡಬೇಕೆಂಬುದು ಕೊನೆಯ ಒಂದೇ ಸಾಲಿನಲ್ಲಿತ್ತು. ಬರೆದವರು ಬರೆದು ಮನೆಗೆ ಹೋದರು. ಆ ಸಾಲನ್ನು ನಡೆಸುವ ಕರ್ಮ ಹತ್ತೊಂಬತ್ತು ವರ್ಷದಿಂದ ಧಾಮದಲ್ಲಿ ಕೆಲಸಕ್ಕಿದ್ದ ನೊಯೆಲೀನ್ ಪಾಲಿಗೆ ಬಿದ್ದಿತ್ತು.

ಆ ಬುಧವಾರ ಬೆಳಗ್ಗೆ ಅವಳು ಬೆಕ್ಕಿನ ಮರಿಗಳಿಗೆ ಹಾಲು ಕಲಸುತ್ತಿದ್ದಳು. ಬಾಗಿಲು ತಳ್ಳಿಕೊಂಡು ಒಬ್ಬ ಗಂಡಸು ಬಂದ. ವಯಸ್ಸು ಐವತ್ತರ ಮೇಲೆ, ಬಿಸಿಲಿಗೆ ಸುಟ್ಟ ಮುಖ, ಕಾಲಲ್ಲಿ ಮೀನುಗಾರರ ಬಿಳಿ ರಬ್ಬರ್ ಬೂಟು. ಅವನ ಮೈಯ ಡೀಸೆಲ್ಲು, ಸೀಗಡಿಯ ವಾಸನೆಗೆ ಹದಿನಾಲ್ಕು ಗೂಡಿನ ನಾಯಿಗಳೂ ಎದ್ದು ನಿಂತವು.

"ನನ್ ನಾಯಿ ಕರ್ಕೊಂಡ್ ಹೋಗೋಣ ಅಂತ ಬಂದೆ. ಡಾಟಿ ಅಂತ. ದನ ಅಟ್ಟೋ ಜಾತಿ, ಮೈತುಂಬ ಚುಕ್ಕೆ, ಎಡಗಿವಿ ಅರ್ಧ ಇಲ್ಲ."

ನೊಯೆಲೀನಳ ಕೈ ನಿಂತಿತು. ಆ ಅರ್ಧ ಕಿವಿಯನ್ನು ಅವಳು ಹನ್ನೆರಡು ದಿನ ತುರಿಸಿಕೊಟ್ಟಿದ್ದಳು.

"ನೀವು ಲಾಯ್ಡಾ?"

"ಹೂಂ. ಫೋನ್ ಮಾಡಿದ್ದು ನೀವೇ ಅಲ್ವಾ? ದನಿ ಗುರುತು ಸಿಕ್ತು." ಅವನು ಫೋನನ್ನು ಮೇಜಿನ ಮೇಲಿಟ್ಟು, ಅದರಲ್ಲಿ ಉಳಿದಿದ್ದ ಧ್ವನಿಸಂದೇಶ ಒತ್ತಿದ. ನೊಯೆಲೀನ್ ತನ್ನ ದನಿಯನ್ನು ತಾನೇ ಕೇಳಬೇಕಾಯಿತು.

"ಹಲೋ ಲಾಯ್ಡ್ ಅವ್ರೆ, ನಿಮ್ ನಾಯಿ ನಮ್ಮಲ್ಲಿದೆ. ಅವಳ ಕತ್ತಿನ ಚರ್ಮದೊಳಗೆ ಹಾಕ್ಸಿರೋ ಗುರುತಿನ ಚಿಪ್‌ನಲ್ಲಿ ನಿಮ್ ನಂಬರ್ ಸಿಕ್ತು. ಹುಷಾರಾಗಿದಾಳೆ. ಎಂಟು ದಿನ ಟೈಮಿದೆ, ಬಂದ್ಬಿಡಿ."

ಎರಡನೆಯದು: "ಲಾಯ್ಡ್ ಅವ್ರೆ, ಇನ್ನು ಮೂರೇ ದಿನ. ಬಾಗ್ಲು ಸದ್ದಾದ್ರೆ ಸಾಕು, ಕತ್ತೆತ್ತಿ ನೋಡ್ತಾಳೆ ಪಾಪ."

ಮೂರನೆಯದು ಬರುವ ಮೊದಲೇ ಅವಳಿಗೆ ಬೆವರೊಡೆಯಿತು. "ಏನ್ರೀ, ಫೋನ್ ಎತ್ತೋಕೂ ಆಗಲ್ವಾ ನಿಮ್ಗೆ? ಸಾಕೋ ಯೋಗ್ಯತೆ ಇಲ್ದೋರು ನಾಯಿ ಯಾಕ್ ತರ್ತೀರಿ? ಇವತ್ತೇ ಕೊನೇ ದಿನ, ತಿಳ್ಕೊಳಿ."

"ನಲವತ್ತೊಂದು ದಿನ ಸಮುದ್ರದಲ್ಲಿದ್ದೆ, ಸೀಗಡಿ ದೋಣಿ ಮೇಲೆ," ಎಂದ ಲಾಯ್ಡ್. "ನೆನ್ನೆ ಸಂಜೆ ದಡ ಕಂಡು ಸಿಗ್ನಲ್ ಬಂದಿದ್ದೇ ತಡ, ಮೂರೂ ಒಟ್ಟಿಗೇ ಬಿದ್ವು. ಮೊದಲ್ನೇದು ಕೇಳಿ ಸದ್ಯ ಬದುಕಿದಾಳೆ ಅನ್ಕೊಂಡೆ. ಮೂರನೇದಕ್ ಬರೋ ಹೊತ್ತಿಗೆ ಚೆನ್ನಾಗ್ ಬೈಸ್ಕೊಂಡೆ." ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು.

"ನಾಯೀನ ಯಾರ ಹತ್ರ ಬಿಟ್ಟಿದ್ರಿ?"

"ಮರ್ವ್ ಅಂತ, ಇಪ್ಪತ್ ವರ್ಷದ ಸ್ನೇಹಿತ. ಗುಡುಗಿಗೆ ಹೆದರಿ ಬೇಲಿ ಹಾರಿದ್ಲಂತೆ. ದೋಣಿಗೆ ರೇಡಿಯೋದಲ್ಲಿ ಒಂದ್ ಮಾತು ಹೇಳ್ಬಾರ್ದಿತ್ತಾ ಮಾರಾಯ ಅಂದ್ರೆ, ನಿಂಗ್ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಂತಾನೆ."

ಸ್ನೇಹಿತನ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡು ಅವನ ಮನೆ ಹಾಳು ಮಾಡುವ ಮಹಾನುಭಾವರು ಎಲ್ಲ ಊರಿನಲ್ಲೂ ಇರುತ್ತಾರೆ. ಟಿಂಬಾರಾದಲ್ಲಿ ತುಸು ಹೆಚ್ಚೇ ಇದ್ದರು.

ನೊಯೆಲೀನ್ ಹೇಳಬೇಕಾದ್ದನ್ನು ಹೇಳಿದಳು. ಎಂಟು ದಿನಕ್ಕೆ ಮುಗಿಯಬೇಕಿತ್ತು, ಮ್ಯಾನೇಜರನ ಕಣ್ಣು ತಪ್ಪಿಸಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇನ್ನೂ ನಾಲ್ಕು ದಿನ ಇಟ್ಟುಕೊಂಡಿದ್ದಳು. ಹನ್ನೆರಡನೆಯ ದಿನ ಮ್ಯಾನೇಜರನಿಗೆ ಗೊತ್ತಾಯಿತು. ಅದೇ ಮಧ್ಯಾಹ್ನ ಒಂದು ಕುಟುಂಬ ಬಂತು. ಒಳ್ಳೆಯ ಜನ. ಕಾಗದಪತ್ರವೆಲ್ಲ ಆಗಿ, ನಾಯಿಯ ಚಿಪ್‌ನಲ್ಲೂ ಈಗ ಅವರ ಹೆಸರೇ ಇದೆ. ಅದಾಗಿ ಹತ್ತೊಂಬತ್ತು ದಿನವಾಯಿತು.

"ಎಲ್ಲಿದಾರೆ ಅವ್ರು?"

"ಹೇಳೋ ಹಾಗಿಲ್ಲ ಲಾಯ್ಡ್."

ಅವನು ಕೂಗಾಡಲಿಲ್ಲ. ಕೂಗಾಡುವವರಿಗೆ ನೊಯೆಲೀನ್ ಹತ್ತಿರ ಉತ್ತರವಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಜನ ಮೇಜು ಗುದ್ದಿಲ್ಲ, ಅವರನ್ನೆಲ್ಲ ಅವಳು ಬಾಗಿಲು ತೋರಿಸಿ ಕಳಿಸಿದ್ದಳು. ಹೀಗೆ ಸುಮ್ಮನೆ ನಿಂತು, ಒಂದೊಂದೇ ಗೂಡಿನೊಳಗೆ ಇಣುಕಿ, ತನ್ನದು ಎಲ್ಲೋ ಇದ್ದೀತೆಂದು ಮತ್ತೆ ಮೊದಲಿನಿಂದ ನೋಡುವವನಿಗೆ ಏನು ಹೇಳುವುದು? ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ತನ್ನದು ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅವ್ರಿಗೊಂದ್ ಫೋನ್ ಮಾಡಿ ಕೇಳ್ತೀನಿ. ಕೊಡ್ಲೇಬೇಕು ಅಂತ ಹೇಳೋಕೆ ನನಗೆ ಹಕ್ಕಿಲ್ಲ, ಕೇಳ್ಬಹುದು ಅಷ್ಟೆ," ಎಂದಳು.

ಡಾಟಿಯನ್ನು ಒಯ್ದವಳ ಹೆಸರು ಫಿಲಿಪ್ಪಾ. ಶಾಲೆಯೊಂದರಲ್ಲಿ ಅಡುಗೆ ಕೆಲಸ, ಇಬ್ಬರು ಮಕ್ಕಳು. ನೊಯೆಲೀನ್ ಅವಳಿಗೆ ನಡೆದದ್ದನ್ನೆಲ್ಲ ಹೇಳಿದಳು. ಕಚೇರಿಯ ಹಳೆಯ ಫೋನಿನ ದನಿ ಜೋರು. ಅತ್ತಲಿಂದ ಫಿಲಿಪ್ಪಾ ಆಡಿದ್ದೆಲ್ಲ ಲಾಯ್ಡ್‌ಗೂ ಕೇಳಿಸಿತು.

"ಇನ್ಮೇಲೆ ಇವಳು ನಿಮ್ಮೋಳೇ ಅಂತ ನೀವೇ ಅಲ್ವಾ ಹೇಳಿದ್ದು?"

"ಹೌದು, ನಾನೇ."

"ಮೊದಲ್ನೇ ವಾರ ಬಾಗ್ಲ ಹತ್ರನೇ ಬಿದ್ಕೊಂಡಿದ್ಲು. ನೆಟ್ಟಗೆ ಒಂದ್ ತುತ್ತು ತಿನ್ಲಿಲ್ಲ. ನನ್ ಮಗಳು ದಿಂಬು ತಂದ್ಕೊಂಡು ಅವಳ ಪಕ್ಕ ನೆಲದ ಮೇಲೆ ಮಲಗಿದ್ಲು. ಏಳು ದಿನ! ಈಗ ಎಲ್ಲಾ ಸರಿಹೋಗಿದೆ, ಈಗ ಬಂದ್ ಕೊಡು ಅಂತೀರಲ್ಲ. ಒಂದ್ ಮಾತು ಕೇಳಿ ಅವ್ರನ್ನ. ಇನ್ನು ಸಮುದ್ರಕ್ಕೆ ಹೋಗಲ್ಲ ಅಂತಾರಾ? ಹಾಗಂದ್ರೆ ಇವತ್ತೇ ತಂದ್ ಬಿಡ್ತೀನಿ. ಮಕ್ಕಳಿಗೆ ಏನಾದ್ರೂ ಹೇಳ್ಕೋತೀನಿ. ಮತ್ತೆ ಹೋಗೋದಾದ್ರೆ ಮಾತ್ರ ನಾನ್ ಕೊಡಲ್ಲ."

ನೊಯೆಲೀನ್ ಫೋನಿನ ಬಾಯಿಗೆ ಕೈ ಮುಚ್ಚಿ ಅವನ ಕಡೆ ತಿರುಗಿದಳು. "ಕೇಳಿಸ್ತಲ್ಲ? ಹೋಗಲ್ಲ ಅಂದ್ರೆ ಮುಗೀತು."

ಲಾಯ್ಡ್ ತನ್ನ ಬೂಟು ನೋಡಿಕೊಂಡ. ಹದಿನಾರನೆಯ ವಯಸ್ಸಿಗೆ ದೋಣಿ ಹತ್ತಿದವನು, ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

"ಸೆಪ್ಟೆಂಬರಲ್ಲಿ ಮತ್ತೆ ಹೋಗ್ಬೇಕು."

"ಅಯ್ಯೋ ಮಾರಾಯ, ಈಗ ಹೋಗಲ್ಲ ಅನ್ನಿ!" ನೊಯೆಲೀನ್ ಪಿಸುಗುಟ್ಟಿದಳು. ಯಜಮಾನರು ಸುಳ್ಳು ಹೇಳಿದರೆ ಹಿಡಿಯುವುದೇ ಅವಳ ಕೆಲಸವಾಗಿತ್ತು. ಸುಳ್ಳು ಹೇಳಿಕೊಟ್ಟದ್ದು ಇದೇ ಮೊದಲು. "ಸೆಪ್ಟೆಂಬರ್ ಮಾತು ಸೆಪ್ಟೆಂಬರಲ್ಲಿ ನೋಡ್ಕೊಳಿ."

ಅವನು ಬಾಯಿ ತೆರೆದ. ಒಂದು ಗಳಿಗೆ ಹೇಳಿಯೇ ಬಿಡುತ್ತಾನೆಂದು ಅವಳಿಗೆ ಜೀವ ಬಂದಂತಾಯಿತು.

"ಆಗ ಮತ್ತೆ ಇನ್ಯಾರ್ದೋ ಮನೆ ಬಾಗ್ಲ ಹತ್ರ ಬಿದ್ಕೊಂಡಿರ್ತಾಳೆ," ಎಂದ. "ಹೋಗ್ತಾನಂತೆ ಅಂತ ಹೇಳ್ಬಿಡಿ ಅವ್ರಿಗೆ."

ಹೇಳದೆ ಇರಬಹುದಿತ್ತು. ಅವನ ಪರವಾಗಿ ಆ ಒಂದು ಸುಳ್ಳನ್ನು ಇವಳೇ ಹೇಳಿಬಿಡಬಹುದಿತ್ತು. ಫೋನು ಕಿವಿಗಿಟ್ಟುಕೊಂಡಾಗ ನಾಲಿಗೆಯ ತುದಿಗೆ ಬಂದದ್ದೂ ಅದೇ. ಆದರೆ ಏಳು ದಿನ ನೆಲದ ಮೇಲೆ ಮಲಗಿದ ಹುಡುಗಿ ಅಡ್ಡ ಬಂದಳು. ಅತ್ತ ದರಿ ಇತ್ತ ಪುಲಿ ಎಂದು ಮಾತಿಗೆ ಹೇಳುತ್ತೇವೆ, ನಿಂತು ನೋಡಿದವರಿಗೇ ಗೊತ್ತು. "ಹೋಗ್ತಾರಂತೆ," ಎಂದಳು. ಅತ್ತ ಫಿಲಿಪ್ಪಾ ಅತ್ತುಬಿಟ್ಟಳು. ನಾಯಿ ಉಳಿಸಿಕೊಂಡವಳು ಯಾಕೆ ಅಳಬೇಕು ಎಂದು ನೊಯೆಲೀನ್‌ಗೆ ರೇಗಿಹೋಯಿತು.

ಫೋನಿಟ್ಟ ಮೇಲೆ ಕೇಳಿದಳು, "ದೂರದಿಂದ ಒಂದ್ಸಲ ನೋಡೋಕಾದ್ರೂ ಬಿಡ್ತಾರಾ, ಕೇಳ್ಲಾ?"

"ಬೇಡ. ನನ್ ವಾಸ್ನೆ ಸಿಕ್ಕಿದ್ರೆ ಬಂದ್ಬಿಡ್ತಾಳೆ. ಬಂದ್ರೆ ವಾಪಸ್ ಕಳ್ಸೋ ಗಂಡಸಲ್ಲ ನಾನು." ಲಾಯ್ಡ್ ಮೇಜಿನ ಮೇಲಿದ್ದ ಪೆನ್ನನ್ನು ಅವಳ ಕಡೆ ತಳ್ಳಿದ. "ಒಂದೆರಡು ವಿಷಯ ಬರ್ಕೊಳಿ, ಅವ್ರಿಗೆ ಕೊಡಿ. ಗುಡುಗು ಬಂದ್ರೆ ಖಾಲಿ ಸ್ನಾನದ ತೊಟ್ಟಿಯೊಳಗೆ ಕೂರಿಸ್ಬೇಕು, ಅಲ್ಲಿ ಸುಮ್ನಾಗ್ತಾಳೆ. ಹಿಂದಿನ ಬಲಗಾಲು ಚಳಿಗೆ ನೋಯುತ್ತೆ, ಒತ್ತಿದ್ರೆ ಇಷ್ಟ. ತಟ್ಟೆಗೆ ಹಾಕಿದ್ಮೇಲೆ ತಿನ್ನು ಅನ್ಬೇಕು. ಅನ್ನದೇ ಇದ್ರೆ ತಿನ್ನಲ್ಲ, ಕಾಯ್ತಾ ಕೂತಿರ್ತಾಳೆ."

ನೊಯೆಲೀನ್ ಸಿಕ್ಕಿದ ಕಾಗದದ ಬೆನ್ನಿಗೆ ಬರೆದುಕೊಂಡಳು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಳು. ಆ ಮೊದಲ ವಾರದ ಉಪವಾಸ ಯಾಕೆಂದು ಅವಳಿಗೆ ಈಗ ತಿಳಿಯಿತು. ತನ್ನಲ್ಲಿದ್ದಾಗಲೂ ನಾಯಿ ತಟ್ಟೆಯ ಮುಂದೆ ಕೂತು ತನ್ನ ಮುಖವನ್ನೇ ನೋಡುತ್ತಿತ್ತು, ಹಸಿವು ತಾಳದಾದಾಗಷ್ಟೇ ತುಸು ತಿನ್ನುತ್ತಿತ್ತು. ಬಿಂಕ ಎಂದುಕೊಂಡು ಆಚೆ ಹೋಗಿಬಿಡುತ್ತಿದ್ದಳು.

"ಡಾಟಿ ಅಂತಾನೇ ಕರೀತಾರಾ?"

"ಇಲ್ಲ. ಪೆಪ್ಪರ್ ಅಂತ ಇಟ್ಟಿದಾರೆ, ಮಕ್ಕಳು."

ಲಾಯ್ಡ್ ಆ ಹೆಸರನ್ನು ಸದ್ದಿಲ್ಲದೆ ತುಟಿಯಲ್ಲಿ ಒಮ್ಮೆ ಆಡಿಸಿ ನೋಡಿದ. "ಕರೆದ್ರೆ ಬರ್ತಾಳಾ?"

ಹೋದ ವಾರವಷ್ಟೇ ಫಿಲಿಪ್ಪಾ ಅದನ್ನು ಸಂಭ್ರಮದಿಂದ ಹೇಳಿಕೊಂಡಿದ್ದಳು. ಬರುತ್ತಾಳೆ ಎಂದರೂ ನೋವು, ಬರುವುದಿಲ್ಲ ಎಂದರೂ ನೋವು. ಯಾವುದು ಕಡಿಮೆ ಎಂದು ನೊಯೆಲೀನ್‌ಗೆ ಹೊಳೆಯಲಿಲ್ಲ.

"ಬರ್ತಾಳೆ."

"ನಡ್ಕೊಂಡಾ, ಓಡ್ಕೊಂಡಾ?"

"ಓಡ್ಕೊಂಡೇ ಬರ್ತಾಳಂತೆ ಲಾಯ್ಡ್."

"ಸರಿ," ಎಂದ ಅವನು. ಇನ್ನೊಮ್ಮೆ "ಸರಿ" ಎಂದ. ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ಗೋಡೆ ಹಿಡಿದು ನಿಂತ.

"ಇಲ್ಲಿ ಎಲ್ಲಾದ್ರೂ ಸ್ವಲ್ಪ ಹೊತ್ತು ಕೂತ್ಕೋಬಹುದಾ?"