ನಾಲಿಗೆಯ ಕೆಳಗೆ

ಈ ಟೋಪಿ ಯಾರ ತಲೆಯ ಬೆವರು ಕುಡಿದಿದೆಯೋ, ಒಳಗಿನ ಪಟ್ಟಿ ಹಣೆಗೆ ತಣ್ಣಗೆ ಅಂಟುತ್ತಿದೆ, ಸುರಂಗದ ಗೋಡೆ ಜಿನುಗುತ್ತಿದೆ, ಇದು ಅಪ್ಪನ ಅಂಗಿಯ ವಾಸನೆ, ಒದ್ದೆ ಕಲ್ಲು, ತುಕ್ಕು — ಅಮ್ಮ ಎಷ್ಟು ಕುಕ್ಕಿ ಒಗೆದರೂ ಬಿಡದ ವಾಸನೆ, ಅದಕ್ಕೀಗ ಟಿಕೆಟ್ಟು. ಮುಂದೆ ಗೈಡು ಟಾರ್ಚು ಬೀಸುತ್ತಾನೆ, ನೋಡಿ, ಇವ್ರೇ ನಮ್ಮ ಚಿನ್ನದ ಗಣಿಯ ಮೂಲಪುರುಷರು, ಬರಿಗೈಲಿ ಬಂದು ಈ ಬಂಡೆ ಸೀಳಿದ್ರು, ಗೋಡೆಯ ಮೇಲೆ ಆಳೆತ್ತರದ ಚಿತ್ರ, ದಪ್ಪ ಮೀಸೆ, ಬಿಗಿದ ತುಟಿ, ಕೋಟಿನಲ್ಲಿ ಒಂದು ಸುಕ್ಕಿಲ್ಲ. ಸೀಳಿದನಂತೆ! ಹಾಗಾದರೆ ಅಪ್ಪನ ಅಂಗೈ ಯಾಕೆ ಹಾಗೆ ಜಡ್ಡುಗಟ್ಟಿತ್ತು, ಇಸ್ಪೀಟು ಆಡಿಯೇ, ಅಮ್ಮಾ ಈ ಕಡೆ ತಿರುಗು, ಚೂರು ನಗು, ಮಗಳ ಫೋನು ಮುಖಕ್ಕೇ ಬಂದಿದೆ, ಪಾಪ, ತಾತ ಇಲ್ಲಿ ಕೆಲಸಕ್ಕಿದ್ದ ಎಂಬುದಷ್ಟೇ ಇವಳಿಗೆ ಗೊತ್ತು, ಅಮ್ಮನಿಗೆ ಖುಷಿಯಾಗಲಿ ಎಂದು ಕರೆತಂದಿದ್ದಾಳೆ, ನಗು ಎಂದರೆ ಹೇಗೆ ನಗುವುದು, ಅಪ್ಪನಿಗೆ ನಗು ಬಂದರೆ ಅಂಗೈ ಬಾಯಿಗೆ ಅಡ್ಡ ಹೋಗುತ್ತಿತ್ತು, ಉಣ್ಣುವಾಗಲೂ ಗೋಡೆಯ ಕಡೆ ಮುಖ, ದವಡೆ ಹಲ್ಲು ಕೊಳೆತು ಕೆನ್ನೆ ಊದಿಕೊಂಡಾಗ ಅಮ್ಮ, ದಮ್ಮಯ್ಯ ಅಂತೀನಿ, ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದರೆ ಅಪ್ಪ, ದಿನಾ ಸಾಯಂಕಾಲ ಒಬ್ಬ ನೋಡ್ತಾನಲ್ಲ, ಸಾಲ್ದಾ, ಎಂದವನೇ ಹಿತ್ತಲಿಗೆ ಹೋಗಿ ಇಕ್ಕಳದಿಂದ ತಾನೇ ಕಿತ್ತುಕೊಂಡು ಬಂದ — ಆಮೇಲೆ ಆ ಆಸ್ಪತ್ರೆ, ಚಮಚ, ಅಪ್ಪನ ಬಾಯಿ, ಬೇಡ, ಅದು ಈಗ ಬೇಡ.

ಇಲ್ಲಿ ನಿಲ್ಲಿ, ಇದೇ ತಪಾಸಣೆ ಕೋಣೆ, ಗೈಡಿನ ದನಿಗೆ ರಂಗೇರಿದೆ, ಎದುರು ಗೋಡೆಯ ಮೇಲೆ ಇಲ್ಲೂ ಅದೇ ಮೀಸೆಯ ಚಿತ್ರ, ಪಾಳಿ ಮುಗಿಸಿ ಬಂದೋರು ಇಲ್ಲಿ ಸಾಲಾಗಿ ನಿಂತು ಬಾಯಿ ತೆಗೀಬೇಕಿತ್ತು, ನಾಲಿಗೆ ಕೆಳಗೆ, ಕೆನ್ನೆ ಒಳಗೆ ಚಿನ್ನದ ಚೂರು ಇಟ್ಕೊಂಡು ಹೋಗೋರು, ಎಂಥಾ ಕಿಲಾಡಿಗಳು ಅಂತೀರಿ, ಎಲ್ಲರೂ ಗೊಳ್ಳೆಂದು ನಗುತ್ತಾರೆ, ಮಗಳೂ. ಕಿಲಾಡಿಗಳಂತೆ, ಅಮ್ಮ ಸಾಯುವ ತನಕ ಕಿವಿಗೆ ಹಾಕಿಕೊಂಡದ್ದು ಹಿತ್ತಾಳೆ, ಬೆಟ್ಟದ ಹೊಟ್ಟೆಯನ್ನೇ ಬಗೆದು ಹಡಗಿಗೆ ಹೇರಿದವನ ಮೀಸೆಗೆ ಚೌಕಟ್ಟು, ಅದನ್ನು ಮೇಲೆ ಹೊತ್ತು ತಂದವನ ಬಾಯಿಗೆ ಟಾರ್ಚು, ಇದಕ್ಕೆ ನಗು ಬೇರೆ ಕೇಡು, ಯಾರಾದ್ರೂ ಬನ್ನಿ, ತಮಾಷೆಗೆ ತೋರಿಸ್ತೀನಿ, ಅಮ್ಮಾ, ನೀವೇ ಬನ್ನಿ, ಹೋಗಮ್ಮಾ, ಫೋಟೋ ತೆಗೀತೀನಿ, ಯಾರೋ ಬೆನ್ನು ತಳ್ಳಿದರು, ಟಾರ್ಚು ಮುಖದ ಮೇಲೆ ಬಿತ್ತು, ಆ ಅನ್ನಿ ಅಮ್ಮಾ, ಆ — ಅದೇ ಮಾತು, ತಾನೂ ಅಪ್ಪನಿಗೆ ಅದನ್ನೇ ಅಂದಿದ್ದಳು, ಚಮಚದಲ್ಲಿ ಹಾಲು ಹಿಡಿದು, ಬೇಡ, ಬೈಯಬೇಕು ಇವನನ್ನು, ನೀರಿಳಿಸಬೇಕು, ಆದರೆ ಬೈಯಲು ಬಾಯಿ ತೆರೆಯಬೇಕಲ್ಲ, ತೆರೆದರೆ ಬೆಳಕು ಒಳಗೆ ನುಗ್ಗುತ್ತದೆ, ಅವಳು ತುಟಿ ಬಿಗಿದಳು, ಗೈಡಿನ ಮಣಿಕಟ್ಟು ಹಿಡಿದು ತಿರುಗಿಸಿದಳು, ಬೆಳಕು ಹೋಗಿ ಮೂಲಪುರುಷನ ಮೀಸೆಯ ಮೇಲೆ, ಮುಚ್ಚಿದ ಆ ತುಟಿಗಳ ಮೇಲೆ ನಿಂತಿತು. ತೆಗೆಸು, ಮೊದಲು ಅವನ ಬಾಯಿ ತೆಗೆಸು, ಹಲ್ಲು ಕಚ್ಚಿಕೊಂಡೇ ಅಂದಳು, ನಗು ಒಮ್ಮೆಲೇ ನಿಂತುಹೋಯಿತು, ಅಮ್ಮಾ, ಏನಾಯ್ತಮ್ಮಾ, ಫೋನು ಕೆಳಗಿಳಿಯಿತು, ಇವಳಿಗೆ ಹೇಳಬೇಕು, ಎಲ್ಲವನ್ನೂ ಹೇಳಬೇಕು, ಎಲ್ಲಿಂದ ಶುರುಮಾಡಲಿ, ಕಡೆಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೆ ನಿನ್ನ ತಾತನ ಕಣ್ಣು ಮಂಜಾಗಿತ್ತು, ಯಾರ ಗುರುತೂ ಹತ್ತುತ್ತಿರಲಿಲ್ಲ, ಅಪ್ಪಾ, ಆ ಅನ್ನಪ್ಪಾ ಅಂದೆನಷ್ಟೇ, ಚಮಚ ಇನ್ನೂ ದೂರವಿತ್ತು, ಅಪ್ಪ ತಡಬಡಿಸಿ ಎದ್ದು ಕೂತ, ಬಾಯಿ ಅಗಲಿಸಿದ, ಎರಡೂ ಕೈಯ ಬೆರಳಿಂದ ಕೆನ್ನೆ ಎಳೆದು ಹಿಡಿದ, ನಾಲಿಗೆ ಎತ್ತಿದ, ಏನೂ ಇಲ್ಲ ಎಂದು ತೋರಿಸುತ್ತ, ನಾಲಿಗೆ ಎತ್ತಿಯೇ ಇದ್ದ —